ಅಕ್ಕಿಕಾಳಿನ ಸಂಖ್ಯೆಯ ಹೊಟ್ಟೆಯೊಳಗೆ

ಚದುರಂಗದ ಹಲಗೆಯ ಮೊದಲ ಮನೆಗೆ ಒಂದು ಕಾಳು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು. ಹೀಗೆ 64 ಮನೆ ತುಂಬಿಸಿ ಕೊಟ್ಟರೆ ಸಾಕು ಮಹಾರಾಜ, ಬೇರೇನೂ ಬೇಡ. ಈ ಕಥೆ ಕೇಳದವರು ಕಡಿಮೆ. ಅರಬ್ಬಿ ಬರಹಗಾರರ ರೂಪದಲ್ಲಿ ಕೇಳಿದವನು ಸಿಸ್ಸಾ, ಕೇಳಿದ್ದು ಗೋಧಿ. ಕೇರಳದ ಅಂಬಲಪುಳದಲ್ಲಿ ಕೇಳಿದವನು ಸಾಕ್ಷಾತ್ ಕೃಷ್ಣ, ಕೇಳಿದ್ದು ಅಕ್ಕಿ. ರಾಜನ ಆ ಸಾಲ ಇನ್ನೂ ತೀರಿಲ್ಲ, ಅದಕ್ಕೇ ಅಲ್ಲಿನ ದೇವಸ್ಥಾನದಲ್ಲಿ ಇವತ್ತಿಗೂ ಹಾಲಿನ ಪಾಯಸ ಹಂಚುತ್ತಾರೆ ಅನ್ನುವುದು ಅಲ್ಲಿಯವರ ನಂಬಿಕೆ.

ಕಥೆ ಹೇಳುವವರು ಕೊನೆಗೊಂದು ದೊಡ್ಡ ಸಂಖ್ಯೆ ಹೇಳುತ್ತಾರೆ. ಕೇಳಿದವರು "ಅಬ್ಬಾ" ಅನ್ನುತ್ತಾರೆ. ಅಲ್ಲಿಗೆ ಮುಗಿಯಿತು. ನನಗೆ ಮಾತ್ರ ಕಥೆ ಶುರುವಾಗುವುದೇ ಅಲ್ಲಿಂದ ಅನ್ನಿಸುತ್ತದೆ. ಆ ಸಂಖ್ಯೆ ಇದು:

1,84,46,74,40,73,70,95,51,615

20 ಅಂಕಿ. ಓದುವುದು ಹೇಗೆ? ಬಲದಿಂದ ಏಳೇಳು ಅಂಕಿ ಬಿಡಿಸಿಕೊಳ್ಳಿ. 1,84,467 ಕೋಟಿ ಕೋಟಿ, 44,07,370 ಕೋಟಿ, ಮೇಲೆ 95,51,615. "ಕೋಟಿ ಕೋಟಿ" ಅಂತ ಎರಡು ಸಲ ಹೇಳಬೇಕಾಗಿ ಬರುವುದು ನಮ್ಮ ಬಡತನ. ನಮ್ಮ ಹಳಬರಿಗೆ ಆ ತೊಂದರೆ ಇರಲಿಲ್ಲ. 9ನೇ ಶತಮಾನದಲ್ಲಿ, ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯ ಬರೆದ 'ಗಣಿತಸಾರ ಸಂಗ್ರಹ'ದಲ್ಲಿ 24 ಸ್ಥಾನಗಳಿಗೆ ಹೆಸರಿದೆ. ಏಕ, ದಶ, ಶತದಿಂದ ಹೊರಟು ಅರ್ಬುದ, ಖರ್ವ, ಪದ್ಮ, ಕ್ಷೋಣಿ, ಶಂಖ ದಾಟಿ ಮಹಾಕ್ಷೋಭದವರೆಗೆ. ಅದರಲ್ಲಿ 20ನೇ ಸ್ಥಾನದ ಹೆಸರು ಮಹಾಶಂಖ. ಅಂದರೆ ನಮ್ಮ ಅಕ್ಕಿಕಾಳಿನ ಲೆಕ್ಕದ ಮೊದಲ ಅಂಕಿ ಕೂತಿರುವುದು ಮಹಾಶಂಖದಲ್ಲಿ. ಮಹಾವೀರನ ಪಟ್ಟಿಯಲ್ಲಿ ಇನ್ನೂ ನಾಲ್ಕು ಸ್ಥಾನ ಖಾಲಿಯೇ ಉಳಿಯುತ್ತವೆ!

ಈ ಸಂಖ್ಯೆ ಬಂದದ್ದು ಹೇಗೆ? 64 ಸಂಖ್ಯೆ ಕೂಡಬೇಕಾಗಿಲ್ಲ. ಮೊದಲ ಮೂರು ಮನೆ ನೋಡಿ: 1 + 2 + 4 = 7. ನಾಲ್ಕನೇ ಮನೆಯಲ್ಲಿ 8. ಮೊದಲ ನಾಲ್ಕರ ಮೊತ್ತ 15, ಐದನೇ ಮನೆಯಲ್ಲಿ 16. ಯಾವ ಮನೆಯಲ್ಲಿ ನಿಂತು ಹಿಂದೆ ನೋಡಿದರೂ ಹಿಂದಿನವೆಲ್ಲ ಸೇರಿ ಈ ಮನೆಗಿಂತ ಒಂದೇ ಒಂದು ಕಾಳು ಕಡಿಮೆ. ಹಾಗಾಗಿ 65ನೇ ಮನೆ ಅಂತ ಒಂದಿದ್ದಿದ್ದರೆ ಅಲ್ಲಿ ಎಷ್ಟು ಬೀಳುತ್ತಿತ್ತೋ ಅದರಲ್ಲಿ ಒಂದು ಕಳೆದರೆ ಮುಗಿಯಿತು. 65ನೇ ಮನೆಯ ಲೆಕ್ಕ 2ರ 64ನೇ ಘಾತ.

ಅದನ್ನು ಪಡೆಯಲು 64 ಸಲ ಗುಣಿಸುವುದೂ ಬೇಡ. ಶಾಲೆಯಲ್ಲಿ ಛಂದಸ್ಸು ಕಲಿಯುವಾಗ 'ಯಮಾತಾರಾಜಭಾನಸಲಗಂ' ಬಾಯಿಪಾಠ ಮಾಡಿದ್ದು ನೆನಪಿದೆಯಾ? ಮೂರು ಅಕ್ಷರ, ಪ್ರತಿಯೊಂದೂ ಲಘು ಅಥವಾ ಗುರು. ಆದ್ದರಿಂದ 2 × 2 × 2, ಎಂಟೇ ಅಕ್ಷರಗಣ. ಅಕ್ಷರ ಜಾಸ್ತಿಯಾದ ಹಾಗೆ ಈ ಎಣಿಕೆ ಇಮ್ಮಡಿ ಆಗುತ್ತಾ ಹೋಗುತ್ತದೆ, ಥೇಟ್ ಚದುರಂಗದ ಮನೆಗಳ ಹಾಗೆ. ಛಂದಶ್ಶಾಸ್ತ್ರದ ಪಿಂಗಳ ಇದಕ್ಕೊಂದು ಉಪಾಯ ಹೇಳಿದ. ಅಕ್ಷರಗಳ ಸಂಖ್ಯೆ ಸರಿಯಾದರೆ ಅರ್ಧ ಮಾಡು, ಬೆಸವಾದರೆ ಒಂದು ಕಳೆ. ಸೊನ್ನೆ ಮುಟ್ಟಿದ ಮೇಲೆ ಬಂದ ದಾರಿಯಲ್ಲೇ ವಾಪಸ್ ಬಾ. ಒಂದು ಕಳೆದಿದ್ದ ಕಡೆ ಎರಡರಿಂದ ಗುಣಿಸು, ಅರ್ಧ ಮಾಡಿದ್ದ ಕಡೆ ವರ್ಗ ಮಾಡು. 64ಕ್ಕೆ ಹಾಕಿ ನೋಡಿ. 2ರ ವರ್ಗ 4, ಅದರ ವರ್ಗ 16, ಆಮೇಲೆ 256, 65,536, 429,49,67,296. ಇನ್ನೊಂದೇ ಸಲ ವರ್ಗ ಮಾಡಿದರೆ ನಮ್ಮ 65ನೇ ಮನೆ. ಆರೇ ಗುಣಾಕಾರ! ಸುಮಾರು 1000ನೇ ಇಸವಿಯ ಹೊತ್ತಿಗೆ ಅಲ್-ಬಿರೂನಿ ಇದೇ ಚದುರಂಗದ ಲೆಕ್ಕವನ್ನು ಮಾಡಿದ್ದೂ ಹೀಗೆ, ಮನೆಯಿಂದ ಮನೆಗೆ ವರ್ಗ ಮಾಡುತ್ತಾ ಹಾರಿ.

ಈಗ ರಾಜನ ಕಷ್ಟ ಸ್ವಲ್ಪ ನೋಡೋಣ. ಒಂದು ಗ್ರಾಂಗೆ 50 ಕಾಳು ಅಂತ ಇಟ್ಟುಕೊಳ್ಳಿ. ಮೊದಲ 20 ಮನೆಗೆ ಸುಮಾರು 21 ಕೆಜಿ. ಅಂಗಡಿಯ 25 ಕೆಜಿ ಚೀಲವೂ ಖಾಲಿಯಾಗುವುದಿಲ್ಲ. ಅರ್ಧ ಹಲಗೆ, ಅಂದರೆ 32 ಮನೆ ತುಂಬಿದಾಗ ಸುಮಾರು 86 ಟನ್. ಎಂಟೊಂಬತ್ತು ಲಾರಿ ಲೋಡು. ರಾಜನಿಗೆ ಇದೇನು ಮಹಾ ಅಲ್ಲ. ಆದರೆ ಇಡೀ ಹಲಗೆಗೆ ಸುಮಾರು 36,900 ಕೋಟಿ ಟನ್! ಜಗತ್ತಿನಲ್ಲಿ ಈಗ ವರ್ಷಕ್ಕೆ ಬೆಳೆಯುವ ಅಕ್ಕಿ 50 ಕೋಟಿ ಟನ್‌ಗಿಂತ ಸ್ವಲ್ಪ ಜಾಸ್ತಿ. ಸುಮಾರು 700 ವರ್ಷದ ಬೆಳೆ ಬೇಕು.

ಅರ್ಧ ಹಲಗೆವರೆಗೆ ಆರಾಮ, ಆಮೇಲೆ ಅನಾಹುತ. ಇದನ್ನು ನೆನಪಿಟ್ಟುಕೊಳ್ಳಿ. ಸಂಖ್ಯೆಯ ಒಳಗೆ ಹೊಕ್ಕರೆ ಅಲ್ಲೂ ಇದೇ ಆಗುತ್ತದೆ.

ಒಂದು ಸಂಖ್ಯೆಯನ್ನು ಪರಿಚಯ ಮಾಡಿಕೊಳ್ಳುವುದು ಅಂದರೆ ಅದನ್ನು ಒಡೆದು ನೋಡುವುದು. ಅದು ಯಾವ ಅವಿಭಾಜ್ಯಗಳ ಗುಣಲಬ್ಧ? ಕೊನೆಯ ಅಂಕಿ 5, ಹಾಗಾಗಿ 5ರಿಂದ ಭಾಗವಾಗುತ್ತದೆ. ಅಂಕಿಗಳನ್ನೆಲ್ಲ ಕೂಡಿದರೆ 87. ಅದು 3ರಿಂದ ಭಾಗವಾಗುತ್ತದೆ, 9ರಿಂದ ಆಗುವುದಿಲ್ಲ. ಸರಿ, 3 ಇದೆ, ಒಂದೇ ಸಲ ಇದೆ. ಇಷ್ಟು ಕಣ್ಣಳತೆಯಲ್ಲೇ ಸಿಕ್ಕಿತು. ಮುಂದೆ 7, 11, 13 ಅಂತ ಒಂದೊಂದಾಗಿ ಭಾಗಿಸುತ್ತಾ ಕೂತರೆ ಹೊತ್ತು ಹೋಗುವುದೇ ಬಂತು. ಅದರ ಬದಲು ಹಲಗೆಯನ್ನೇ ಮಡಚೋಣ.

ಎರಡನೇ ಅರ್ಧದ ಮೊದಲ ಮನೆ 33ನೆಯದು. ಅಲ್ಲಿ 2ರ 32ನೇ ಘಾತದಷ್ಟು ಕಾಳು. 34ನೇ ಮನೆಯಲ್ಲಿ ಅದರ ಎರಡರಷ್ಟು, 35ರಲ್ಲಿ ನಾಲ್ಕರಷ್ಟು. ಅಂದರೆ ಎರಡನೇ ಅರ್ಧ ಬೇರೇನೂ ಅಲ್ಲ, ಮೊದಲ ಅರ್ಧವೇ. ಪ್ರತಿ ಕಾಳಿನ ಜಾಗದಲ್ಲಿ 2ರ 32ನೇ ಘಾತದಷ್ಟು ಕಾಳು, ಅಷ್ಟೇ. ಹಾಗಾದರೆ ಇಡೀ ಹಲಗೆಯ ಮೊತ್ತ = ಮೊದಲ ಅರ್ಧ × (1 + 2ರ 32ನೇ ಘಾತ). ಇದೇ ಮಾತು ಮೊದಲ ಅರ್ಧಕ್ಕೂ ಹೊಂದುತ್ತದೆ. 32 ಮನೆಯ ಮೊತ್ತ 16 ಮನೆಯ ಮೊತ್ತದ 65,537 ಪಟ್ಟು. 16 ಮನೆಯದು 8 ಮನೆಯದರ 257 ಪಟ್ಟು. 8 ಮನೆಯದು ನಾಲ್ಕರ 17 ಪಟ್ಟು, ನಾಲ್ಕರದು ಎರಡರ 5 ಪಟ್ಟು, ಎರಡರದು ಒಂದರ 3 ಪಟ್ಟು. ಮಡಚುತ್ತಾ ಮಡಚುತ್ತಾ ಬಂದರೆ ಕೊನೆಗೆ ಕೈಯಲ್ಲಿ ಉಳಿಯುವುದು ಆ ಮೊದಲ ಕಾಳು. ನಮ್ಮ ದೈತ್ಯ ಸಂಖ್ಯೆ ಬಿಚ್ಚಿಕೊಂಡಿತು:

3 × 5 × 17 × 257 × 65,537 × 429,49,67,297

ಒಂದು ಕಾಗದವನ್ನೂ ವ್ಯರ್ಥ ಮಾಡದೆ. ಚೆನ್ನಾಗಿದೆ ಅಲ್ವಾ?

ಈ ಸಾಲಿನಲ್ಲಿ ಮೊದಲ ಐದೂ ಅವಿಭಾಜ್ಯಗಳು. ಹಾಗಾದರೆ ಆರನೆಯದು? ಫ್ರಾನ್ಸಿನಲ್ಲಿ ವಕೀಲಿಕೆ ಓದಿ ಕೋರ್ಟಿನ ಕೆಲಸದಲ್ಲಿದ್ದ, ಬಿಡುವಿನಲ್ಲಿ ಗಣಿತ ಮಾಡುತ್ತಿದ್ದ ಪಿಯರ್ ಡಿ ಫರ್ಮಾ 1640ರಲ್ಲಿ ಗೆಳೆಯರಿಗೆ ಪತ್ರ ಬರೆದ. 3, 5, 17, 257, 65,537 ಹೀಗೆ ಮುಂದುವರಿಯುವ ಸಂಖ್ಯೆಗಳೆಲ್ಲ ಅವಿಭಾಜ್ಯವೇ ಇರಬೇಕು, ಸಾಧಿಸಲು ಮಾತ್ರ ಆಗುತ್ತಿಲ್ಲ ಅಂತ. ಈ ಸಾಲಿಗೆ ಈಗ ಅವನದೇ ಹೆಸರು, ಫರ್ಮಾ ಸಂಖ್ಯೆಗಳು.

ಸುಮಾರು 90 ವರ್ಷ ಯಾರೂ ತಕರಾರು ತೆಗೆಯಲಿಲ್ಲ. 1732ರಲ್ಲಿ ಲಿಯೊನಾರ್ಡ್ ಆಯ್ಲರ್ ಆರನೆಯದನ್ನು ಒಡೆದು ತೋರಿಸಿದ: 429,49,67,297 = 641 × 67,00,417. 641 ಅಂದರೆ ಏನೂ ದೊಡ್ಡದಲ್ಲ. ತಾಳ್ಮೆ ಇರುವ ಹೈಸ್ಕೂಲು ಹುಡುಗಿ ಒಂದು ಮಧ್ಯಾಹ್ನದಲ್ಲಿ ಮುಟ್ಟಬಹುದು. ಆಯ್ಲರ್ ಅದಕ್ಕಿಂತ ಬೇಗ ಮುಟ್ಟಿದ್ದು ಹೇಗೆ ಅನ್ನುವುದು ನೋಡುವಂಥದ್ದು.

ಸಣ್ಣದರಲ್ಲಿ ಶುರು ಮಾಡೋಣ. 17 ತಗೊಳ್ಳಿ. 1, 2, 4, 8 ಅಂತ ಇಮ್ಮಡಿ ಮಾಡುತ್ತಾ, ಪ್ರತಿ ಸಲ 17ರಿಂದ ಭಾಗಿಸಿ ಶೇಷ ಬರೆಯಿರಿ: 1, 2, 4, 8, 16, 15, 13, 9, ಮತ್ತೆ 1. ಎಂಟು ಹೆಜ್ಜೆಗೆ ಚಕ್ರ ಒಂದು ಸುತ್ತು ಬಂತು. 17ರಲ್ಲಿ ಒಂದು ಕಳೆದರೆ 16. ಅದು 8ರ ಎರಡರಷ್ಟು. ಇದು ಕಾಕತಾಳೀಯ ಅಲ್ಲ. ಯಾವ ಬೆಸ ಅವಿಭಾಜ್ಯ ತೆಗೆದುಕೊಂಡರೂ ಅದಕ್ಕಿಂತ ಒಂದು ಕಡಿಮೆ ಇರುವ ಸಂಖ್ಯೆ ಆ ಚಕ್ರದ ಉದ್ದದಿಂದ ಸರಿಯಾಗಿ ಭಾಗವಾಗಲೇಬೇಕು. ಈ ನಿಯಮ ಹೇಳಿದ್ದು ಯಾರು ಗೊತ್ತಾ? ಇದೇ ಫರ್ಮಾ, ಅದೂ ಅದೇ 1640ರಲ್ಲಿ!

ಈಗ ಯಾವುದೋ ಅವಿಭಾಜ್ಯ 429,49,67,297ನ್ನು ಭಾಗಿಸುತ್ತದೆ ಅಂದುಕೊಳ್ಳಿ. ಆಗ 2ರ 32ನೇ ಘಾತ ಅದರ ಲೆಕ್ಕದಲ್ಲಿ −1 ಆಗುತ್ತದೆ, ಅಂದರೆ ಪೂರ್ತಿ ಭಾಗವಾಗಲು ಒಂದು ಕಡಿಮೆ. ಅದರ ವರ್ಗವಾದ 64ನೇ ಘಾತದಲ್ಲಿ ಮತ್ತೆ 1. ಚಕ್ರದ ಉದ್ದ ಸರಿಯಾಗಿ 64. ಹಾಗಾಗಿ ಆ ಅವಿಭಾಜ್ಯವನ್ನು 64ರಿಂದ ಭಾಗಿಸಿದರೆ ಶೇಷ 1 ಉಳಿಯಲೇಬೇಕು. 65, 129, 193, 257, 321, 385, 449, 513, 577, 641. ಇವುಗಳಲ್ಲಿ ಅವಿಭಾಜ್ಯಗಳು 193, 257, 449, 577, 641 ಮಾತ್ರ. ನಾಲ್ಕು ಸಲ ಸೋತು ಐದನೇ ಭಾಗಾಕಾರಕ್ಕೆ ಗೆಲುವು. ಈ ಸೋಸುವಿಕೆ ಇಲ್ಲದಿದ್ದರೆ 65,536ರ ಒಳಗೆ ಇರುವ 6,542 ಅವಿಭಾಜ್ಯಗಳೂ ಸರದಿಯಲ್ಲಿ ನಿಲ್ಲುತ್ತಿದ್ದವು. ಫರ್ಮಾನ ಕೈಯಲ್ಲೇ ಬೀಗದ ಕೈ ಇತ್ತು, ಬಾಗಿಲಿಗೆ ಹಾಕಿ ತಿರುಗಿಸಲಿಲ್ಲ ಅಷ್ಟೇ. ಇಂಥದ್ದನ್ನು ಓದಿದಾಗ ನನಗೆ ಒಳಗೊಳಗೇ ಸ್ವಲ್ಪ ಸಮಾಧಾನ. ಅಂಥವನಿಗೂ ಹೀಗಾಗಿತ್ತಲ್ಲ!

641 ನಿಜಕ್ಕೂ ಭಾಗಿಸುತ್ತದೆ ಅನ್ನುವುದನ್ನು ದೊಡ್ಡ ಭಾಗಾಕಾರ ಮಾಡದೆಯೂ ನೋಡಬಹುದು. ಒಂದು ಚೀಟಿ ತಗೊಳ್ಳಿ. 641ನ್ನು ಎರಡು ಥರ ಬರೆಯಿರಿ:

641 = 640 + 1, ಅಂದರೆ 5 × 128 + 1
641 = 625 + 16

ಹನ್ನೆರಡು ಗಂಟೆಯ ಗಡಿಯಾರದಲ್ಲಿ 11 ಅಂದರೂ ಒಂದೇ, ಹನ್ನೆರಡಕ್ಕೆ ಒಂದು ಗಂಟೆ ಮೊದಲು ಅಂದರೂ ಒಂದೇ. ಹಾಗೇ 641 ಗಂಟೆಯ ಗಡಿಯಾರವನ್ನು ಊಹಿಸಿಕೊಳ್ಳಿ. ಅದರಲ್ಲಿ 640 ಅಂದರೆ −1. ಎರಡನೇ ಸಾಲಿನ ಪ್ರಕಾರ 16 ಅಂದರೆ −625. 2ರ 32ನೇ ಘಾತವನ್ನು 16 × 2ರ 28ನೇ ಘಾತ ಅಂತ ಒಡೆಯಿರಿ. 16ರ ಜಾಗಕ್ಕೆ −625 ಹಾಕಿ. 625 ಅಂದರೆ 5ರ ನಾಲ್ಕನೇ ಘಾತ. 2ರ 28ನೇ ಘಾತ ಅಂದರೆ 128ರ ನಾಲ್ಕನೇ ಘಾತ. ಎರಡನ್ನೂ ಸೇರಿಸಿದರೆ 640ರ ನಾಲ್ಕನೇ ಘಾತ, ಎದುರಿಗೆ ಒಂದು ಋಣ ಚಿಹ್ನೆ. 640 ಅಂದರೆ −1, ಅದರ ನಾಲ್ಕನೇ ಘಾತ 1. ಅಲ್ಲಿಗೆ 2ರ 32ನೇ ಘಾತ ಈ ಗಡಿಯಾರದಲ್ಲಿ −1. ಅದಕ್ಕೆ 1 ಕೂಡಿದರೆ ಸೊನ್ನೆ. ಶೇಷ ಇಲ್ಲ, ಭಾಗವಾಯಿತು. ಹತ್ತಂಕಿಯ ಸಂಖ್ಯೆಯನ್ನು ಒಂದು ಸಲವೂ ಪೂರ್ತಿ ಬರೆಯಲಿಲ್ಲ ನಾವು.

67,00,417 ಅವಿಭಾಜ್ಯ. ಹಾಗಾಗಿ ನಮ್ಮ ಸಂಖ್ಯೆಯ ಪೂರ್ತಿ ಜಾತಕ: 3, 5, 17, 257, 641, 65,537, 67,00,417. ಏಳು ಅವಿಭಾಜ್ಯ, ಪ್ರತಿಯೊಂದೂ ಒಂದೊಂದೇ ಸಲ. ಇದನ್ನು ಶೇಷವಿಲ್ಲದೆ ಭಾಗಿಸುವ ಸಂಖ್ಯೆಗಳೆಷ್ಟು? ಏಳರಲ್ಲಿ ಪ್ರತಿಯೊಂದನ್ನೂ ತಗೊಳ್ಳಬಹುದು ಅಥವಾ ಬಿಡಬಹುದು, ಲಘು ಗುರುವಿನ ಹಾಗೆ. 2ರ 7ನೇ ಘಾತ, 128.

ಇನ್ನು ಆ ಅರ್ಧ ಹಲಗೆಗೆ ಬರೋಣ. 32 ಮನೆಯ ಮೊತ್ತ 429,49,67,295. ಅದು 3 × 5 × 17 × 257 × 65,537. ಇವತ್ತಿನವರೆಗೆ ಗೊತ್ತಿರುವ ಫರ್ಮಾ ಅವಿಭಾಜ್ಯಗಳು ಈ ಐದೇ, ಐದೂ ಇಲ್ಲಿವೆ. ಇದರಲ್ಲೇನು ವಿಶೇಷ? ಕೈವಾರ, ಅಳತೆ ಗುರುತಿಲ್ಲದ ಪಟ್ಟಿ, ಇವೆರಡೇ ಇಟ್ಟುಕೊಂಡು ಸಮಬಾಹು ತ್ರಿಕೋನ ಬರೆಯಬಹುದು. ಪಂಚಭುಜವನ್ನೂ ಗ್ರೀಕರು ಬರೆದಿದ್ದರು. ಏಳು ಬಾಹುಗಳದ್ದು ಅವರ ಕೈಗೆ ಬರಲಿಲ್ಲ. ಆಮೇಲೆ ಎರಡು ಸಾವಿರ ವರ್ಷ ಏನೂ ಆಗಲಿಲ್ಲ. 1796ರ ಮಾರ್ಚ್‌ನಲ್ಲಿ, 19 ತುಂಬಲು ಇನ್ನೂ ಒಂದು ತಿಂಗಳಿದ್ದ ಗಾಸ್ ಅನ್ನುವ ಜರ್ಮನ್ ಹುಡುಗ 17 ಸಮ ಬಾಹುಗಳ ಆಕೃತಿಯನ್ನು ಬರೆಯಬಹುದು ಅಂತ ಕಂಡುಹಿಡಿದ. ಬೆಸ ಬಾಹುಗಳ ಆಕೃತಿ ಹೀಗೆ ಬರೆಯಲು ಬರಬೇಕಾದರೆ ಅದರ ಬಾಹುಗಳ ಸಂಖ್ಯೆ ಬೇರೆ ಬೇರೆ ಫರ್ಮಾ ಅವಿಭಾಜ್ಯಗಳ ಗುಣಲಬ್ಧ ಆಗಿರಬೇಕು. ಇದಲ್ಲದೆ ಬೇರೆ ಯಾವುದೂ ಆಗುವುದಿಲ್ಲ ಅನ್ನುವುದನ್ನು 1837ರಲ್ಲಿ ವಾಂಟ್ಸೆಲ್ ಸಾಧಿಸಿದ. ಐದು ಅವಿಭಾಜ್ಯಗಳಿಂದ ಅಂಥ 31 ಸಂಖ್ಯೆ ಮಾಡಬಹುದು. ಅವುಗಳಲ್ಲಿ ಎಲ್ಲಕ್ಕಿಂತ ದೊಡ್ಡದು ನಮ್ಮ ಅರ್ಧ ಹಲಗೆಯ ಅಕ್ಕಿಕಾಳಿನ ಸಂಖ್ಯೆ! ಅಷ್ಟು ಬಾಹುಗಳನ್ನು ಯಾರೂ ಬರೆದಿಲ್ಲ, ಬರೆದರೂ ಕಣ್ಣಿಗೆ ಅದು ಬರೀ ವೃತ್ತ. 65,537 ಬಾಹುಗಳದ್ದಕ್ಕೆ ಮಾತ್ರ ಹರ್ಮೆಸ್ ಅನ್ನುವವನೊಬ್ಬ ಹತ್ತು ವರ್ಷಕ್ಕೂ ಜಾಸ್ತಿ ಕೂತು ವಿಧಾನ ಬರೆದಿಟ್ಟ. ಆ ಹಸ್ತಪ್ರತಿ ಗಾಟಿಂಗನ್‌ನಲ್ಲಿದೆ. ಹಠ ಅಂದರೆ ಹೀಗಿರಬೇಕು.

ಅರ್ಧ ಹಲಗೆ ದಾಟಿದರೆ ಆ ಸೊಗಸು ಕೆಟ್ಟುಹೋಗುತ್ತದೆ. 641ಕ್ಕೂ 67,00,417ಕ್ಕೂ ಆ ಮರ್ಯಾದೆ ಇಲ್ಲ. ಹಲಗೆಯನ್ನು ಇನ್ನೂ ಹಿಗ್ಗಿಸಿ 128 ಮನೆ ಮಾಡಿದರೆ? ಆಗ ಮೊತ್ತ ನಮ್ಮ ಸಂಖ್ಯೆಯ ಪಟ್ಟಿಗೆ ಮುಂದಿನ ಫರ್ಮಾ ಸಂಖ್ಯೆಯನ್ನು ಸೇರಿಸುತ್ತದೆ. ಅದು ನಮ್ಮ ಸಂಖ್ಯೆಗಿಂತ ಬರೀ ಎರಡು ಜಾಸ್ತಿ, ಕೊನೆಗೆ 615ರ ಬದಲು 617. ಅದನ್ನು 1880ರಲ್ಲಿ ಒಡೆದವನು ಎಂಬತ್ತು ದಾಟಿದ ಲಾಂಡ್ರಿ. ಅದರ ಸಣ್ಣ ತುಂಡು 2,74,177. ಅಲ್ಲಿಂದ ಮುಂದೆ ಯಾರೂ ಹೊಸ ಫರ್ಮಾ ಅವಿಭಾಜ್ಯ ಕಂಡಿಲ್ಲ.

ಫರ್ಮಾ ಸಂಖ್ಯೆಗಳನ್ನು ಸೋಸುವ ನಿಯಮವನ್ನು ಇನ್ನಷ್ಟು ಬಿಗಿ ಮಾಡಿದ್ದು ಎದುವಾರ್ ಲುಕಾ ಅನ್ನುವ ಫ್ರೆಂಚ್ ಮೇಷ್ಟ್ರು. 64ರ ಬದಲು 128ರಿಂದ ಭಾಗಿಸಿದರೂ ಶೇಷ 1 ಬರಬೇಕು ಅಂತ. ಈ ನಿಯಮ ಆಯ್ಲರನಿಗೆ ಗೊತ್ತಿದ್ದಿದ್ದರೆ 257 ಆದ ಮೇಲೆ ನೇರ 641ಕ್ಕೇ ಬರುತ್ತಿದ್ದ. ಇದೇ ಲುಕಾ 1883ರಲ್ಲಿ ಹನೋಯ್ ಗೋಪುರದ ಆಟ ಮಾರಿದ. ಮೂರು ಕಂಬ, ಒಂದರ ಮೇಲೊಂದು ಬಿಲ್ಲೆ, ದೊಡ್ಡದನ್ನು ಚಿಕ್ಕದರ ಮೇಲೆ ಇಡುವ ಹಾಗಿಲ್ಲ. ಒಂದು ಬಿಲ್ಲೆ ಹೆಚ್ಚಾದರೆ ಮೇಲಿನದನ್ನೆಲ್ಲ ಎರಡು ಸಲ ಸಾಗಿಸಬೇಕು, ನಡುವೆ ದೊಡ್ಡದನ್ನು ಒಂದು ಸಲ. 64 ಬಿಲ್ಲೆಗೆ ಬೇಕಾದ ನಡೆಗಳು ಅದೇ ಅಕ್ಕಿಕಾಳಿನ ಸಂಖ್ಯೆ. ಸೆಕೆಂಡಿಗೆ ಒಂದು ನಡೆ ಅಂದರೂ 58,000 ಕೋಟಿ ವರ್ಷಕ್ಕೂ ಮೇಲೆ.

ಈ ಹಲಗೆ ನಿಮ್ಮ ಜೇಬಿನಲ್ಲೂ ಇದೆ. ಫೋನಿನ ಒಳಗೆ ಸಂಖ್ಯೆ ಕೂರುವುದು ಸ್ವಿಚ್ಚುಗಳ ಸಾಲಿನಲ್ಲಿ. ಪ್ರತಿ ಸ್ವಿಚ್ಚೂ ಒಂದು ಮನೆ, ಆನ್ ಆದರೆ ಆ ಮನೆಯ ಕಾಳೆಲ್ಲ ಎಣಿಕೆಗೆ. 8 ಸ್ವಿಚ್ಚೂ ಆನ್ ಆದರೆ 255. ಫೋಟೊದ ಒಂದೊಂದು ಬಣ್ಣದ ಗರಿಷ್ಠ ಮಟ್ಟ ಸಾಮಾನ್ಯವಾಗಿ ಇದೇ. 64ಕ್ಕೆ 64 ಆನ್ ಆದರೆ ರಾಜನ ಸಾಲ. ಇನ್ನೊಂದು ಕಾಳು ಹಾಕಿದರೆ ಹಳೇ ಸ್ಕೂಟರಿನ ಕಿಲೋಮೀಟರ್ ಮೀಟರಿನ ಹಾಗೆ ತಿರುಗಿ ಸೊನ್ನೆ. 65,537 ಕೂಡ ಅಲ್ಲೇ ಕೆಲಸದಲ್ಲಿದೆ. ಆರ್‌ಎಸ್‌ಎ ಅನ್ನುವ ಗುಪ್ತಲಿಪಿಯಲ್ಲಿ ಸಂದೇಶವನ್ನು ಒಂದು ಘಾತಕ್ಕೆ ಏರಿಸಬೇಕು, ಬಹುತೇಕ ಕಡೆ ಆ ಘಾತ 65,537. ಯಾಕೆಂದರೆ 16 ಸಲ ವರ್ಗ ಮಾಡಿ ಒಂದು ಸಲ ಗುಣಿಸಿದರೆ ಮುಗಿಯುತ್ತದೆ. ಪಿಂಗಳನ ಉಪಾಯವೇ.

ಹಲಗೆಯ 31ನೇ ಮನೆಯನ್ನು ಕೊನೆಗೆ ಇಟ್ಟುಕೊಂಡಿದ್ದೆ. ಅಲ್ಲಿವರೆಗಿನ ಮೊತ್ತ 214,74,83,647. ಒಂದು ಮನೆ ಮುಂದೆ ಹೋದರೆ ಐದು ತುಂಡಾಗುವ ಸಂಖ್ಯೆ, ಇಲ್ಲಿ ಮಾತ್ರ ಜಪ್ಪಯ್ಯ ಅನ್ನುವುದಿಲ್ಲ, ಅವಿಭಾಜ್ಯ. 1772ರಲ್ಲಿ ಅದನ್ನು ಸಾಧಿಸಿದವನು ಮತ್ತೆ ಅದೇ ಆಯ್ಲರ್. ಹಳೆಯ ಕಂಪ್ಯೂಟರ್ ವ್ಯವಸ್ಥೆಗಳು 1970ರ ಜನವರಿ 1ರಿಂದ ಸೆಕೆಂಡು ಎಣಿಸುತ್ತಾ ಬಂದಿರುವುದು ಈ 31 ಮನೆಗಳಲ್ಲೇ. ನಮ್ಮ ಗಡಿಯಾರದ ಪ್ರಕಾರ 2038ರ ಜನವರಿ 19, ಮಂಗಳವಾರ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ ಅಷ್ಟೂ ಮನೆ ಭರ್ತಿ. ಮುಂದಿನ ಸೆಕೆಂಡಿನಲ್ಲಿ ಋಣ ಚಿಹ್ನೆಗೆ ಮೀಸಲಿಟ್ಟ 32ನೇ ಸ್ವಿಚ್ಚು ಆನ್ ಆಗಿ, ಸರಿಪಡಿಸದ ಯಂತ್ರಗಳು 1901ರ ಡಿಸೆಂಬರ್‌ಗೆ ಹೋಗಿ ನಿಲ್ಲುತ್ತವೆ. ಹೊಸವು ಈಗಾಗಲೇ 63 ಮನೆಗೆ ಬದಲಾಗಿವೆ. ಅವು ತುಂಬಲು ಇನ್ನು 29,000 ಕೋಟಿ ವರ್ಷಕ್ಕೂ ಜಾಸ್ತಿ ಇದೆ.